ಪಿನ್‌ಬಾಲ್ ಯಂತ್ರಗಳ ದೇಶೀಯ ಜೋಡಣೆ: ಬ್ರೆಜಿಲ್

ಅಮೆರಿಕದ ಷಿಕಾಗೋ ನಗರದ ಗಾಟ್ಲೀಬ್ ಸಂಸ್ಥೆಯು 1947ರಲ್ಲಿ ಹಂಪ್ಟಿ ಡಂಪ್ಟಿ ಎಂಬ ಯಂತ್ರಕ್ಕೆ, ಉರುಳಿಬರುವ ಗುಂಡನ್ನು ಹಿಂದಕ್ಕೆ ಹೊಡೆದಟ್ಟುವ ಫ್ಲಿಪ್ಪರ್‌ಗಳನ್ನು ಅಳವಡಿಸಿದ ತರುವಾಯ ಪಿನ್‌ಬಾಲ್ ಆಟವು ಖಂಡಾಂತರಗಳಿಗೆ ವ್ಯಾಪಿಸಿತಾದರೂ, ವಿದೇಶೀ ವಿನಿಮಯದ ಅಭಾವದಿಂದ ಬಳಲುತ್ತಿದ್ದ ದೇಶಗಳು ಅದನ್ನು ವಿಲಾಸವಸ್ತುವೆಂದು ಎಣಿಸಿ ಆಮದಿಗೆ ಅಡ್ಡಿಯೊಡ್ಡಿದುವು. ಸ್ಪೇನಿನಲ್ಲಿ ಸೆಗಾಸಾ ಸಂಸ್ಥೆ ವಿಲಿಯಮ್ಸ್ ಕಂಪನಿಯ ಯಂತ್ರಗಳನ್ನು ಪರವಾನಗಿ ಪಡೆದೇ ತಯಾರಿಸಿತು. ಬ್ರೆಜಿಲಿನ ದಾರಿ ಬೇರೆ.

1973ರ ತೈಲಸಂಕಟದ ಅನಂತರ ಅಲ್ಲಿನ ಸರ್ಕಾರ ಅನಾವಶ್ಯಕ ಪದಾರ್ಥಗಳ ಆಮದನ್ನು ಮತ್ತಷ್ಟು ಬಿಗಿಗೊಳಿಸಿದಾಗ, ಒಡೆಸ್ಸಾ ಮೂಲದ ಮೈಕೇಲ್ ಕೋಗನ್ ಎಂಬಾತ 1953ರಲ್ಲಿ ಟೋಕಿಯೋದಲ್ಲಿ ಸ್ಥಾಪಿಸಿದ್ದ ಟೈಟೋ ಕಂಪನಿಯ ಬ್ರೆಜಿಲ್ ಶಾಖೆಯು ಈ ಯಂತ್ರಗಳನ್ನು ಅಲ್ಲಿಯೇ ನಿರ್ಮಿಸತೊಡಗಿತು. ಮರದ ಪೆಟ್ಟಿಗೆ, ಕಾಲುಗಳು, ಗಾಜು ಇವುಗಳಿಗೆ ಸ್ಥಳೀಯ ಕುಶಲಕರ್ಮಿಗಳೇ ಸಾಕು; ಯಂತ್ರದ ಸತ್ತ್ವವೆಲ್ಲ ಇರುವುದು ಸುಮಾರು 27 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಉರುಳುವ ಇಳಿಜಾರು ಹಲಗೆಯ ವಿನ್ಯಾಸದಲ್ಲಿ. ಅದನ್ನು ಶಾಖೆಯು ಅಮೆರಿಕದ ಮಾದರಿಗಳಿಂದ ಹೆಚ್ಚು ಸಂಕೋಚಪಡದೆ ನಕಲು ಮಾಡಿತು: ಬ್ಯಾಲಿ ಕಂಪನಿಯ ಪ್ಲೇಬಾಯ್ ಸಾಂಬಾ ನೃತ್ಯದ ಚಿತ್ರಗಳನ್ನು ಹೊದ್ದು ಓಬಾ-ಓಬಾ ಆಯಿತು, ವಿಲಿಯಮ್ಸರ ಬ್ಲ್ಯಾಕ್ ನೈಟ್ ತನ್ನ ಎರಡಂತಸ್ತಿನ ಹಲಗೆಯ ಸಮೇತ ಕವಲೇರೋ ನೇಗ್ರೋ ಆಯಿತು. ಇದನ್ನು ಬರಿಯ ಚೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮುಚ್ಚಳ ತೆರೆದು ನೋಡಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತಿದ್ದಿತು. ಅಮೆರಿಕದ ಆ ಎರಡು ಯಂತ್ರಗಳು ಮೊಟೊರೋಲಾ ಪ್ರೊಸೆಸರಿನಿಂದ ನಡೆಯುತ್ತಿದ್ದರೆ, ಬ್ರೆಜಿಲಿನವುಗಳಲ್ಲಿದ್ದುದು ಇಂಟೆಲ್ 8080. ಎಂದರೆ ಹಲಗೆಯನ್ನು ಕಂಡು ಬರೆದುಕೊಂಡವರು ವಿದ್ಯುನ್ಮಂಡಲವನ್ನೂ ಅಂಕಗಣನೆಯ ಪ್ರೋಗ್ರಾಮನ್ನೂ ತಾವೇ ರಚಿಸಬೇಕಾಯಿತು. ನಿಜವಾದ ವಿದ್ಯೆ ಬೆಳೆದದ್ದು ಅಲ್ಲಿ.

ವಿಡಿಯೋ ಆಟಗಳು ಜನಪ್ರಿಯವಾದಂತೆ, 1980ರ ದಶಕದ ಮಧ್ಯಭಾಗದಲ್ಲಿ ಈ ಕಾರ್ಖಾನೆ ನಿಂತುಹೋಯಿತು. ಜೋಡಣೆಯ ಪದ್ಧತಿ ಮಾತ್ರ ಅಮೆಜಾನ್ ಕಾಡಿನ ನಡುವಣ ಮನಾವ್ಸ್ ನಗರದಲ್ಲಿ ಮುಂದುವರಿಯಿತು. 1967ರ ಶಾಸನದ ಮೇರೆಗೆ ಅಲ್ಲಿ ದೊರೆಯುತ್ತಿದ್ದ ತೆರಿಗೆ ವಿನಾಯಿತಿಯನ್ನು ಆಶ್ರಯಿಸಿ, ಬಿಡಿಭಾಗಗಳನ್ನು ತರಿಸಿ ಗೃಹೋಪಯೋಗಿ ಆಟದ ಯಂತ್ರಗಳನ್ನು ಕೂಡಿಸಿದ ಸಂಸ್ಥೆಗಳಲ್ಲಿ ಟೆಕ್‌ಟಾಯ್ ಪ್ರಮುಖವಾದುದು. 1989ರಲ್ಲಿ ಸೆಗಾದ ಮಾಸ್ಟರ್ ಸಿಸ್ಟಮ್ ಯಂತ್ರವನ್ನು ಹೊರತಂದ ಅದು, ಪರವಾನಗಿ ಪಡೆದು ಆಟಗಳನ್ನೂ ದೇಶೀಯಗೊಳಿಸಿತು. 1991ರ ಇಂಥದೊಂದು ಜಪಾನೀ ಆಟದ ರೂಪಾಂತರದಲ್ಲಿ ಖಡ್ಗಧಾರಿ ವೀರನ ಸ್ಥಾನಕ್ಕೆ, ಬ್ರೆಜಿಲಿನ ಮಕ್ಕಳೆಲ್ಲ ಬಲ್ಲ ಚಿತ್ರಕಥೆಯ ಹುಡುಗಿ ಮೋನಿಕಾ ಬಂದು, ತನ್ನ ಬಟ್ಟೆಯ ಮೊಲದಿಂದಲೇ ರಾಕ್ಷಸರನ್ನು ಬಡಿಯುತ್ತಾಳೆ.