ಇಪ್ಪತ್ತು ವರ್ಷದ ಲೆಕ್ಕ, ಇಪ್ಪತ್ತು ಗಂಟೆಯ ಪರೀಕ್ಷೆ

ಇವತ್ತು ಒಂದು ಲೆಕ್ಕದ ಕತೆ. ಮಾಡಿದವರು ಒಬ್ಬರೇ. ಅದು ಪೂರ್ತಿ ಸರಿ ಇದೆಯಾ ಅಂತ ಗೊತ್ತಾಗೋಕೆ ಮಾತ್ರ ನೂರು ವರ್ಷ ಹಿಡೀತು.

19ನೇ ಶತಮಾನದ ಫ್ರಾನ್ಸ್. ಶಾರ್ಲ್ ಯೂಜೀನ್ ಡೆಲೊನೇ ಎಂಬ ಖಗೋಳ ವಿಜ್ಞಾನಿ ಚಂದ್ರನ ಚಲನೆಯನ್ನು ಸೂತ್ರದಲ್ಲಿ ಹಿಡಿಯಲು ಹೊರಟರು. ಭೂಮಿಯೊಂದೇ ಎಳೆಯುತ್ತಿದ್ದರೆ ಚಂದ್ರನ ದಾರಿ ಒಂದು ದೀರ್ಘವೃತ್ತ, ಅಷ್ಟೇ. ಆದರೆ ಸೂರ್ಯನೂ ಎಳೀತಾನಲ್ಲ! ಅದರಿಂದ ಅವಕಲ ಸಮೀಕರಣಗಳಲ್ಲಿ ನೂರಾರು ಪದಗಳು ಬಂದು ಕೂರುತ್ತವೆ.

ಪಿಯುಸಿಯಲ್ಲಿ ಸಬ್‌ಸ್ಟಿಟ್ಯೂಷನ್ ಮಾಡಿದ್ದು ನೆನಪಿದೆಯಾ? ಹಳೇ ಚರದ ಜಾಗಕ್ಕೆ ಹೊಸದನ್ನು ಹಾಕಿದರೆ ಲೆಕ್ಕ ಹಗುರಾಗುತ್ತೆ. ಡೆಲೊನೇ ಉಪಾಯವೂ ಅದೇ. ತೊಂದರೆ ಕೊಡುವ ಒಂದು ಪದ ಆರಿಸಿಕೊಳ್ಳೋದು, ಅದು ಮಾಯವಾಗುವ ಹಾಗೆ ಚರಗಳನ್ನು ಬದಲಿಸೋದು, ಆಮೇಲೆ ಉಳಿದದ್ದೆಲ್ಲವನ್ನೂ ಹೊಸ ಚರಗಳಲ್ಲಿ ಮತ್ತೆ ಬರೆಯೋದು. ಥೇಟ್ ಕಳೆ ಕಿತ್ತ ಹಾಗೆ: ಒಂದು ಕಿತ್ತರೆ ಪಕ್ಕದಲ್ಲಿ ಇನ್ನಷ್ಟು ಸಣ್ಣವು ಏಳುತ್ತವೆ. ಇದನ್ನು ನೂರಾರು ಸಲ ಮಾಡಿದರು, ಅದೂ ಅಂಕಿಗಳಲ್ಲಿ ಅಲ್ಲ, ಅಕ್ಷರಗಳಲ್ಲಿ. ಒಂದು ಕಡೆ ಕೈ ತಪ್ಪಿದರೆ ಮುಂದಿನದ್ದಕ್ಕೂ ಅದು ಅಂಟಿಕೊಳ್ಳುತ್ತೆ.

ಲೆಕ್ಕಕ್ಕೆ ಹತ್ತು ವರ್ಷ, ಪರಿಶೀಲನೆಗೆ ಇನ್ನೂ ಹತ್ತು ವರ್ಷ. 1860 ಮತ್ತು 1867ರಲ್ಲಿ ಎರಡು ದಪ್ಪ ಸಂಪುಟಗಳು ಬಂದವು, ಒಂದೊಂದೂ ಸುಮಾರು 900 ಪುಟ. 1872ರಲ್ಲಿ, ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕರಾಗಿದ್ದಾಗಲೇ, ಶೆರ್‌ಬರ್ಗ್ ಹತ್ತಿರ ದೋಣಿ ಮುಗುಚಿ ಡೆಲೊನೇ ತೀರಿಕೊಂಡರು. ಅಷ್ಟು ಉದ್ದದ ಲೆಕ್ಕವನ್ನು ಮತ್ತೆ ಮೊದಲಿಂದ ಮಾಡಿ ನೋಡೋರು ಯಾರು?

ಆ ಕೆಲಸ ಕೊನೆಗೆ ಆಗಿದ್ದು ಅಮೆರಿಕದಲ್ಲಿ. ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿ ಆಂದ್ರೆ ಡೆಪ್ರಿ, ಜಾಕ್ ಆಂರಾರ್, ಆರ್ನಾಲ್ಡ್ ರಾಮ್ ಎಂಬ ಮೂವರು ಕಂಪ್ಯೂಟರ್‌ಗೆ ಬೀಜಗಣಿತ ಮಾಡೋದನ್ನ ಕಲಿಸಿದ್ದರು. ಅಂಕಿ ಕೂಡಿಸೋದಲ್ಲ, ಅಕ್ಷರಗಳನ್ನೇ ಗುಣಿಸಿ, ಜೋಡಿಸಿ, ಚರ ಬದಲಿಸೋದು. ಡೆಲೊನೇ ಹಾಗೆ ಒಂದೊಂದೇ ಪದ ಕೀಳುವ ಬದಲು, ಡೆಪ್ರಿ 1969ರಲ್ಲಿ ಪ್ರಕಟಿಸಿದ ಹೊಸ ವಿಧಾನ ಬಳಸಿದರು. ಹಾಗಾಗಿ ಇದು ಹಳೇ ಲೆಕ್ಕದ ನಕಲಾಗಲಿಲ್ಲ, ಬೇರೆ ದಾರಿಯಲ್ಲಿ ಹೋಗಿ ಅದೇ ಊರು ಸೇರೋ ಪರೀಕ್ಷೆಯಾಯ್ತು. ಯಂತ್ರಕ್ಕೆ ಹಿಡಿದದ್ದು ಸುಮಾರು 20 ಗಂಟೆ.

1970ರಲ್ಲಿ ಫಲಿತಾಂಶ ಬಂತು. ಸಿಕ್ಕಿದ್ದು ಮೂರೇ ತಪ್ಪು. ಅದರಲ್ಲೂ ಎರಡು, ಮೊದಲನೇ ತಪ್ಪಿನಿಂದಲೇ ಹುಟ್ಟಿದವು. ಅಂದರೆ ಇಪ್ಪತ್ತು ವರ್ಷದಲ್ಲಿ ಡೆಲೊನೇ ಪೆನ್ನು ನಿಜವಾಗಿ ಜಾರಿದ್ದು ಒಂದೇ ಸಲ.

ಇವತ್ತು ಮೇಪಲ್‌ನಂಥ ಸಾಫ್ಟ್‌ವೇರ್‌ನಲ್ಲಿ ಚರ ಬದಲಿಸೋಕೆ ಒಂದು ಸಾಲಿನ ಆದೇಶ ಸಾಕು. ಆದರೆ ಯಾವ ಚರಕ್ಕೆ ಬದಲಿಸಬೇಕು ಅನ್ನೋದನ್ನ ಆ ಸಾಲಿನಲ್ಲಿ ನಾವೇ ಬರೆದುಕೊಡಬೇಕು. ಕೃತಕ ಉಪಗ್ರಹಗಳ ಕಕ್ಷೆಯ ಲೆಕ್ಕದಲ್ಲಿ ಈಗಲೂ ಬಳಸುವ ಒಂದು ಚರಗಳ ಗುಂಪಿಗೆ ಡೆಲೊನೇ ಚರಗಳು ಅಂತಲೇ ಹೆಸರು. ಅವರ ದುಡಿಮೆಯನ್ನ ಯಂತ್ರ ವಹಿಸಿಕೊಂಡಿತು, ಅವರ ಆಯ್ಕೆ ಮಾತ್ರ ಇನ್ನೂ ಚಾಲ್ತಿಯಲ್ಲಿದೆ.