ಪೇಡೆ ಡಬ್ಬಿಯೊಳಗಿನ ಮುಂಬಯಿ

ನಮ್ಮ ಕಡೆ ಒಂದು ರೂಢಿ ಇದೆ. ಯಾರಾದರೂ ಡಬ್ಬಿಯಲ್ಲಿ ತಿನಿಸು ತಂದುಕೊಟ್ಟರೆ ಆ ಡಬ್ಬಿಯನ್ನು ಖಾಲಿ ತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನೆರೆಮನೆಯ ಹುಡುಗ ತಮ್ಮ ಖಾಲಿ ಬಟ್ಟಲು ಕೇಳಿಕೊಂಡು ಬಂದರೂ ನಮ್ಮ ಅವ್ವ "ತಡಿಯಪಾ, ಹಂಗ ಒಯ್ಯಬ್ಯಾಡ" ಅಂತ ಒಳಗೆ ಓಡುತ್ತಿದ್ದಳು. ಈ ರೂಢಿಯೇ ಮುಂದೆ ನನ್ನನ್ನು ಒಂದು ಕಸಬಿಗೆ ಹಚ್ಚುತ್ತದೆ, ಆ ಕಸಬು ನಮ್ಮ ಮನೆತನದ ಇಪ್ಪತ್ತು ವರ್ಷದ ಚರಿತ್ರೆಯನ್ನು ಉಳಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

1976ರಲ್ಲಿ ಮದುವೆಯಾಗಿ ನಾನು ಧಾರವಾಡದಿಂದ ಮುಂಬಯಿಗೆ ಬಂದೆ. ಕುರ್ಲಾದ ಒಂದು ಚಾಳಿನಲ್ಲಿ, ನೆಲಮಹಡಿಯಲ್ಲಿ, ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ. ನಮ್ಮ ಮನೆಯವರು ಗಿರಣಿಗಳಿಗೆ ಯಂತ್ರದ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮ ಊರಿನ ಹಿರಿಯರಿಗೆ ಮುಂಬಯಿ ಪರಸ್ಥಳ ಅನಿಸುತ್ತಿರಲಿಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ ಇದ್ದದ್ದೇ ಮುಂಬಯಿ ಪ್ರಾಂತದಲ್ಲಿ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲೇ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಬಂತು. ಆದರೆ ಹಿರಿಯರ ಮುಂಬಯಿ ಬೇರೆ, ಮಗಳನ್ನು ಕೊಟ್ಟ ಮುಂಬಯಿ ಬೇರೆ. ಆಗ ಮೀರಜದಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಬೇಕು. ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲಂತೂ ಅವ್ವ ಮನೆ ಬಿಟ್ಟು ಕದಲುವ ಹಾಗಿರಲಿಲ್ಲ.

ಊರಿನಿಂದ ಯಾರೇ ಬರಲಿ, ಕೈಯಲ್ಲಿ ಪೇಡೆ ಡಬ್ಬಿ ಇದ್ದೇ ಇರುತ್ತಿತ್ತು. ಧಾರವಾಡದ ಪೇಡೆಯೂ ಮೂಲತಃ ಪರಸ್ಥಳದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ಬಂದ ಠಾಕೂರ ಮನೆತನದವರು ಅದನ್ನು ನಮ್ಮ ಊರಿಗೆ ತಂದರು. ಈಗ ಅದು ನಮ್ಮದು. ಅದರ ಡಬ್ಬಿಯಾದರೂ ಎಂಥದು? ತೆಳು ರಟ್ಟು, ಮೇಲೆ ಅಚ್ಚು, ಒಳಗೆ ಎಣ್ಣೆಕಾಗದ. ಪೇಡೆ ಮುಗಿದ ಮೇಲೆ ಅದನ್ನು ಎಸೆಯಲು ನನಗೆ ಮನಸ್ಸಾಗುತ್ತಿರಲಿಲ್ಲ. ತಿರುಗಿ ಹೋಗುವವರ ಕೈಯಲ್ಲಿ ಏನಾದರೂ ಹಾಕಿ ಕಳಿಸಬೇಕಲ್ಲ! ಮುಂಬಯಿಯಿಂದ ಧಾರವಾಡಕ್ಕೆ ಏನು ಕಳಿಸುವುದು?

1978ರಲ್ಲಿ ಮಗ ಆರು ತಿಂಗಳಿನವನಿದ್ದಾಗ ಪಕ್ಕದ ಖೋಲಿಯವರು ತಮ್ಮ ಕ್ಯಾಮೆರಾ ಕೊಟ್ಟರು. ಆಗ್ಫಾ ಕ್ಲಿಕ್ 3. ಆ ಕಾಲದ ಮಧ್ಯಮವರ್ಗದ ಮನೆಗಳಲ್ಲಿ ಅದೇ ಹೆಚ್ಚು. 120 ನಂಬರಿನ ಒಂದು ರೀಲು ಹಾಕಿದರೆ ಹನ್ನೆರಡು ಫೋಟೋ, ಹದಿಮೂರನೆಯದಿಲ್ಲ. ರೀಲು ಊಟಿಯದು. 1960ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲು. ಆ ಕಾರ್ಖಾನೆ ಈಗ ಮುಚ್ಚಿದೆ. ಸ್ಟುಡಿಯೋದವರಿಗೆ ದೊಡ್ಡ ಫೋಟೋ ಮಾಡಿಕೊಡಿ ಅಂದರೆ ದರ ಹೆಚ್ಚು. ಅದಕ್ಕೆ ನಾವು ಕಾಂಟ್ಯಾಕ್ಟ್ ಪ್ರಿಂಟ್ ಹಾಕಿಸುತ್ತಿದ್ದೆವು. ನೆಗೆಟಿವ್ಹನ್ನು ನೇರ ಕಾಗದದ ಮೇಲೆ ಒತ್ತಿಟ್ಟು ಬೆಳಕು ಬಿಡುವುದು, ಅಷ್ಟೇ. ಹಿಗ್ಗಿಸುವ ಯಂತ್ರದ ಗೊಡವೆ ಇಲ್ಲ. ಫೋಟೋ ಬರುವುದು ನೆಗೆಟಿವ್‌ನಷ್ಟೇ, ಅಂದರೆ ಆರು ಸೆಂಟಿಮೀಟರಿನ ಚೌಕ. ಅರ್ಧ ಕಿಲೋ ಪೇಡೆ ಡಬ್ಬಿಯೊಳಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಮಾಡುವ ರೀತಿ ಹೇಳುತ್ತೇನೆ. ಮೊದಲು ಡಬ್ಬಿಯನ್ನು ಎರಡು ದಿನ ಬಿಸಿಲಿಗಿಟ್ಟು, ಒಳಗಿನ ಜಿಡ್ಡಿನ ಮೇಲೆ ಹಳೆಯ ಕ್ಯಾಲೆಂಡರಿನ ಕಾಗದ ಅಂಟಿಸಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಇರುವೆ ಬಂತೆಂದೇ ತಿಳಿಯಿರಿ. ಆಮೇಲೆ ಚಿತ್ರ ಬರೆಯುವ ದಪ್ಪ ಹಾಳೆಯನ್ನು ಡಬ್ಬಿಯ ಅಗಲಕ್ಕಿಂತ ಒಂದು ಕಾಳಿನಷ್ಟು ಕಡಿಮೆ ಮಾಡಿ ಪಟ್ಟಿ ಕತ್ತರಿಸುವುದು, ಪಟ್ಟಿಗೆ ಪಟ್ಟಿ ಜೋಡಿಸಿ ಉದ್ದ ಮಾಡುವುದು. ಅದನ್ನು ಬೀಸಣಿಗೆಯ ಹಾಗೆ ಹಿಂದೊಂದು ಮುಂದೊಂದು ಮಡಿಚಬೇಕು. ಒಂದು ತುದಿ ಡಬ್ಬಿಯ ತಳಕ್ಕೆ, ಇನ್ನೊಂದು ತುದಿ ಮುಚ್ಚಳದ ಒಳಬದಿಗೆ ಅಂಟಬೇಕು. ಅಂಟು ಮೈದಾದ್ದು, ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದ್ದು. ಮುಚ್ಚಳ ಎತ್ತಿದರೆ ಹನ್ನೆರಡು ಮಡಿಕೆ ಒಂದರ ಹಿಂದೊಂದು ಎದ್ದು ಬರಬೇಕು. ಒಂದೊಂದು ಮಡಿಕೆಗೆ ಒಂದೊಂದು ಫೋಟೋ. ಕಟ್ಟುವುದಕ್ಕೆ ಹರಿದ ಸೀರೆಯ ಅಂಚು.

ನಾನೇನೋ ಹೊಸದು ಕಂಡುಹಿಡಿದೆ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು, ನಾನು ಮಾಡಿದ್ದು ಕಡತದ ಮಡಿಕೆ. ಕಾಲೇಜಿನಲ್ಲಿ ನಮ್ಮ ಗುರುಗಳು ಹೇಳಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿಸಿ, ಹಿಂದೆ ಮುಂದೆ ಮಡಿಚಿದರೆ ಅದು ಕಡತ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕನ್ನಡ ನಾಡಿನ ವ್ಯಾಪಾರಿಗಳ ಲೆಕ್ಕ ಎಷ್ಟೋ ಕಾಲ ಅದರಲ್ಲೇ ಇತ್ತು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಆಕರವಾದವು. ಈಗಲೂ ಆಫೀಸಿನ ಫೈಲಿಗೆ ನಾವು ಕಡತ ಅಂತಲೇ ಅನ್ನುವುದು.

ಉಳಿದ ಎರಡು ಸಾಮಾನು, ಫೋಟೋ ಮತ್ತು ರಟ್ಟಿನ ಡಬ್ಬಿ, ಹೊರಗಿನಿಂದ ಬಂದವು. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೆರಿ ಎಂಬ ಛಾಯಾಗ್ರಾಹಕ ಒಂದೇ ಗಾಜಿನ ಮೇಲೆ ಹಲವು ಸಣ್ಣ ಫೋಟೋ ತೆಗೆಯುವ ವಿಧಾನಕ್ಕೆ ಹಕ್ಕು ಪಡೆದ. ಫೋಟೋ ವಿಸಿಟಿಂಗ್ ಕಾರ್ಡಿನಷ್ಟಾಯಿತು, ಅಗ್ಗವಾಯಿತು. ಜನ ಅವನ್ನು ಹಂಚತೊಡಗಿದರು, ಹಂಚಿದ್ದನ್ನು ಕೂಡಿಡಲು ಆಲ್ಬಮ್ ಬೇಕಾಯಿತು. ಅದೇ 1854ರಲ್ಲಿ ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. 1896ರಲ್ಲಿ ರಾಜಾ ದೀನ್ ದಯಾಳ್ ಮುಂಬಯಿಯಲ್ಲಿ ಸ್ಟುಡಿಯೋ ತೆರೆದರು. ಆದರೆ ಅಲ್ಲಿ ಕೂತು ತೆಗೆಸಿಕೊಂಡವರು ರಾಜರು, ಸಾಹುಕಾರರು. ಇನ್ನು ಮಡಿಚುವ ರಟ್ಟಿನ ಡಬ್ಬಿಯ ಕತೆ. ನ್ಯೂಯಾರ್ಕಿನಲ್ಲಿ ಕಾಗದದ ಚೀಲ ಮಾಡುತ್ತಿದ್ದ ರಾಬರ್ಟ್ ಗೇರ್ ಎಂಬವನ ಕಾರ್ಖಾನೆಯಲ್ಲಿ, ಗೆರೆ ಒತ್ತಬೇಕಾದ ಲೋಹದ ಪಟ್ಟಿ ಜಾರಿ ಚೀಲಗಳನ್ನೇ ಕತ್ತರಿಸಿಬಿಟ್ಟಿತು. ಹಾಳಾದ ಚೀಲ ನೋಡಿ ಅವನಿಗೆ ಹೊಳೆಯಿತು, ಕತ್ತರಿಸುವುದು ಮತ್ತು ಮಡಿಕೆ ಒತ್ತುವುದು ಒಂದೇ ಏಟಿಗೆ ಆಗಬಹುದಲ್ಲ! 1879ರ ಸುಮಾರಿನ ಆ ಅಪಘಾತದಿಂದ ಅಗ್ಗದ ಡಬ್ಬಿ ಬಂತು. ಶ್ರೀಮಂತರ ಚರ್ಮದ ಆಲ್ಬಮ್ಮು ನಮ್ಮಂಥವರ ಕೈಗೆ ಬರುವ ಹೊತ್ತಿಗೆ ಪೇಡೆ ಡಬ್ಬಿ ಆಯಿತು.

ಮೊದಲ ಡಬ್ಬಿ ಅಣ್ಣನ ಕೈಯಲ್ಲಿ ಹೋಯಿತು. ಅವ್ವನಿಗೆ ಓದು ಬಾರದು. ನನ್ನ ಪತ್ರಗಳನ್ನು ಅಣ್ಣನೋ ವೈನಿಯೋ ಓದಿ ಹೇಳಬೇಕು. ಹಾಗಾಗಿ ಪತ್ರದಲ್ಲಿ ನಾನು ಎಲ್ಲವನ್ನೂ ಬರೆಯುತ್ತಿರಲಿಲ್ಲ. ಡಬ್ಬಿ ಮಾತ್ರ ಅವಳು ಒಬ್ಬಳೇ ಕೂತು ಓದುವಂಥದು. ಮುಚ್ಚಳ ಎತ್ತಿದವಳೇ "ಏ, ಡಬ್ಬ್ಯಾಗ ಕೂಸಿನ್ನ ಕೂಡಿಸಿ ಕಳಿಸ್ಯಾಳ ನೋಡ್ರಿ" ಅಂತ ಅಪ್ಪನ ಹಾಸಿಗೆಯ ಹತ್ತಿರ ಒಯ್ದಳಂತೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿ ವರ್ಷ ಒಂದು ಡಬ್ಬಿ ಹೋಗಲೇಬೇಕಾಯಿತು.

1982ರ ಡಬ್ಬಿಯ ಕತೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆ ವರ್ಷ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಭೋಂಗಾ ಊದುವುದು ನಿಂತಿತು. ಗಿರಣಿ ನಿಂತ ಮೇಲೆ ಬಿಡಿಭಾಗ ಕೊಳ್ಳುವವರಾರು? ನಮ್ಮ ಮನೆಯವರ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಾಳೆ ನಾಡಿದ್ದಿನ ಮಾತಾಯಿತು. ಊರಿಗೆ ಈ ಸುದ್ದಿ ಬರೆಯಬಾರದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಹೊಸ ರೀಲು ಹಾಕಿಸಲು ದುಡ್ಡಿಲ್ಲ. ನೆರೆಯವರ ರೀಲಿನಲ್ಲಿ ಉಳಿದಿದ್ದ ಮೂರು ಫೋಟೋ ಕೇಳಿ ತೆಗೆಸಿಕೊಂಡೆ. ಮಕ್ಕಳಿಗೆ ತಲೆ ಬಾಚಿ, ಪೌಡರು ಹಚ್ಚಿ, ನಗಿಸಿ ನಿಲ್ಲಿಸಿದೆ. ಉಳಿದ ಮಡಿಕೆಗಳಿಗೆ ಮಗ ಬರೆದ ಚಿತ್ರ, ಕ್ಯಾಲೆಂಡರಿನ ಹೂವು ಅಂಟಿಸಿ, ಡಬ್ಬಿ ತುಂಬಿದೆ ಅನ್ನುವ ಹಾಗೆ ಮಾಡಿ ಕಳಿಸಿದೆ.

ಹದಿನೈದು ದಿನಕ್ಕೆ ಅಣ್ಣ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಅರ್ಧ ಚೀಲ ಜೋಳ. ಕೈಯಲ್ಲಿ ಪೇಡೆ ಡಬ್ಬಿ. ಮುಚ್ಚಳ ತೆಗೆದರೆ ಅದರಲ್ಲಿ ಪೇಡೆ ಇರಲಿಲ್ಲ, ಅವ್ವ ಹೈನಿನಿಂದ ಕೂಡಿಸಿಟ್ಟ ನೋಟುಗಳಿದ್ದವು. ನಾನು ಅಳುತ್ತ ಕೇಳಿದೆ, ಯಾರು ಹೇಳಿದರು ಅಂತ. ಅಣ್ಣ ಅಂದ: "ಯಾರೂ ಹೇಳಿಲ್ಲವಾ. ಅವ್ವ ಹ್ವಾದ ವರ್ಷದ ಡಬ್ಬಿ, ಈ ವರ್ಷದ ಡಬ್ಬಿ ಎರಡೂ ಬಾಜೂಕ ಬಾಜೂಕ ಇಟ್ಟು ನೋಡಿದ್ಲು. ಹುಡುಗಿ ಫ್ರಾಕು ಅದs ಐತಿ, ಕೆಳಗಿನ ಮಡಿಕಿ ಬಿಚ್ಚ್ಯಾಳ, ಗೆರಿ ಕಾಣಸ್ತದ ಅಂದ್ಲು. ನನ್ನ ಮಗಳ ಕೈಯಾಗ ಬಳಿ ಎರಡs ಅದಾವು ಅಂದ್ಲು. ಸಂಜೀಕs ನನ್ನ ಹೊರಡಿಸಿದ್ಲು."

ಆರು ಸೆಂಟಿಮೀಟರಿನ ಚೌಕದಲ್ಲಿ ಫ್ರಾಕಿನ ಗೆರೆ ನನಗೆ ಕಂಡಿರಲಿಲ್ಲ. ಮುಖ ನಗುತ್ತಿದೆಯೇ ಅಂತ ಮಾತ್ರ ನೋಡಿದ್ದೆ.

ಆಮೇಲೆ ದಿನಗಳು ಸುಧಾರಿಸಿದವು. ಎಂಬತ್ತರ ದಶಕದಲ್ಲಿ ಬಣ್ಣದ ಫೋಟೋ ಬಂತು. ಒಂದು ರೀಲಿಗೆ 36. ಪ್ರಿಂಟು ಅಂಚೆ ಕಾರ್ಡಿನಷ್ಟು. ಅದು ಅರ್ಧ ಕಿಲೋ ಡಬ್ಬಿಗೆ ಹಿಡಿಸದು. ಸ್ಟುಡಿಯೋದವರೇ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಪುಕ್ಕಟೆ ಕೊಡತೊಡಗಿದರು. 1996ರಲ್ಲಿ ಕೊನೆಯ ಡಬ್ಬಿ ಕಳಿಸಿದೆ. ಮುಂದಿನ ವರ್ಷ ಅವ್ವ ಹೋದಳು.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕುರ್ಲಾಕ್ಕೆ ನುಗ್ಗಿತು. ನಾವು ಮೇಲಿನ ಮಹಡಿಯವರ ಮನೆಯಲ್ಲಿ ಎರಡು ರಾತ್ರಿ ಕಳೆದೆವು. ಇಳಿದು ಬಂದಾಗ ಮಂಚದ ಕೆಳಗಿನ ಟ್ರಂಕು ಕೆಸರಿನಿಂದ ತುಂಬಿತ್ತು. ಅದರಲ್ಲಿ ನಮ್ಮ ಎಲ್ಲ ಫೋಟೋ, ಎಲ್ಲ ನೆಗೆಟಿವ್. ಫೋಟೋ ಕಾಗದದ ಮೇಲಿನ ಜೆಲಟಿನ್ ನೀರು ಕುಡಿದು ಉಬ್ಬುತ್ತದೆ. ಒದ್ದೆ ಇರುವಾಗಲೇ ಶುದ್ಧ ನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಬೇಕು. ನನಗೆ ಆಗ ಗೊತ್ತಿರಲಿಲ್ಲ. ಹಾಗೇ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಅವು ಇಟ್ಟಿಗೆಯ ಹಾಗೆ ಒಂದಕ್ಕೊಂದು ಕಚ್ಚಿಕೊಂಡವು. ಬಿಡಿಸಲು ಹೋದರೆ ಮುಖವೇ ಕಿತ್ತುಬಂತು.

ಆ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ವೈನಿ ಏನೂ ಮಾತಾಡದೆ ಅಟ್ಟ ಹತ್ತಿ ಒಂದು ಗಂಟು ಇಳಿಸಿದರು. ಅವ್ವನ ಇಳಕಲ್ ಸೀರೆಯಲ್ಲಿ ಕಟ್ಟಿದ ಡಬ್ಬಿಗಳು. ನಡುವೆ ಒಣಗಿದ ಬೇವಿನ ಎಲೆ, ಬಜೆಯ ತುಂಡು. ನಾನು ಕಳಿಸಿದ್ದು ಹದಿನಾಲ್ಕು, ಉಳಿದದ್ದು ಹನ್ನೊಂದು. ಎರಡಕ್ಕೆ ಗೆದ್ದಲು ಹತ್ತಿತ್ತಂತೆ, ಒಂದು ಎಲ್ಲಿ ಹೋಯಿತೋ. ಎಂಬತ್ತರ ದಶಕದ ನಡುವಿನಲ್ಲಿ ತೆಗೆಸಿ, ಅಂಚು ಕತ್ತರಿಸಿ ಹಾಕಿದ್ದ ಬಣ್ಣದ ಫೋಟೋಗಳು ಕೆಂಪಾಗಿದ್ದವು. ಕಪ್ಪುಬಿಳುಪಿನವು ಬೆಳ್ಳಿಯ ಕಣದ ಚಿತ್ರಗಳು, ನಿನ್ನೆ ತೊಳೆದ ಹಾಗೆ ಇದ್ದವು. ಮಗನ ಮೊದಲ ಹುಟ್ಟುಹಬ್ಬ, ಚಾಳಿನ ನಲ್ಲಿಯ ಸಾಲು, ಈಗ ಕೆಡವಿಹಾಕಿದ ನಮ್ಮ ಕಟ್ಟಡದ ಮೆಟ್ಟಿಲು. ಮುಂಬಯಿಯಲ್ಲಿ ಮುಳುಗಿದ ನಮ್ಮ ಮುಂಬಯಿ ಧಾರವಾಡದ ಅಟ್ಟದ ಮೇಲೆ ಒಣಗಿ ಕೂತಿತ್ತು.

ಹಿಂದಿನವರ ಚರಿತ್ರೆ ಬರೆಯುವವರು ಮುಂಬಯಿ ಕನ್ನಡಿಗರ ಸಂಘಗಳ ಸ್ಮರಣ ಸಂಚಿಕೆ ನೋಡುತ್ತಾರೆ, ಪದಾಧಿಕಾರಿಗಳ ಪಟ್ಟಿ ನೋಡುತ್ತಾರೆ. ಅದು ಬೇಕು, ಬೇಡ ಅನ್ನಲಾರೆ. ಆದರೆ ಮೂರು ಫೋಟೋ ಇರುವ 1982ರ ಡಬ್ಬಿ ಹೇಳುವುದನ್ನು ಯಾವ ಸಂಚಿಕೆಯೂ ಹೇಳುವುದಿಲ್ಲ. ಮನೆ ಬಿಟ್ಟು ಹೋದವರು ತಮ್ಮ ಹತ್ತಿರ ಇಟ್ಟುಕೊಂಡದ್ದು ಬಾಡಿಗೆ ಖೋಲಿಯಿಂದ ಖೋಲಿಗೆ, ಮಳೆಯಿಂದ ಮಳೆಗೆ ಕಳೆಯುತ್ತದೆ. ಊರಿಗೆ ಕಳಿಸಿದ್ದು ಉಳಿಯುತ್ತದೆ.

ಈಗ ನನ್ನ ಮೊಮ್ಮಗಳು ಪುಣೆಯಲ್ಲಿ ಕುರಿಯರ್ ಬಂದ ಪೆಟ್ಟಿಗೆಗಳಲ್ಲಿ ಇಂಥದೇ ಆಲ್ಬಮ್ ಮಾಡುತ್ತಾಳೆ, ಮಿನಿ ಆಲ್ಬಮ್ ಅನ್ನುತ್ತಾಳೆ. ಕಾಗದ ಆಮ್ಲವಿಲ್ಲದ್ದೇ ಬೇಕು ಅಜ್ಜಿ, ಇಲ್ಲಾಂದ್ರೆ ಹಳದಿ ಆಗುತ್ತೆ ಅಂತ ನನಗೇ ಪಾಠ ಹೇಳುತ್ತಾಳೆ. ಹೇಳಲಿ. ಒಂದು ಮಾತು ನಾನೂ ಹೇಳಿದ್ದೇನೆ: ಮಾಡಿದ್ದನ್ನು ನಿನ್ನ ಹತ್ತಿರ ಇಟ್ಟುಕೋಬೇಡ, ಯಾರಿಗಾದರೂ ಕೊಡು.

"ಒಯ್ರಿ, ನಿಮ್ಮವs ಅಲ್ಲೇನ" ಅಂತ ವೈನಿ ಅಂದರೂ ನಾನು ಡಬ್ಬಿಗಳನ್ನು ತರಲಿಲ್ಲ. ಫೋಟೋಗಳ ಪ್ರತಿ ಮಾಡಿಸಿಕೊಂಡು ಹನ್ನೊಂದನ್ನೂ ಅದೇ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದೆವು. ಊರಿನಲ್ಲಿರುವ ನೀವು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೂ ಮುಂಬಯಿಯದೋ ಪುಣೆಯದೋ ಒಂದು ಡಬ್ಬಿ ಇರಬಹುದು. ಮನೆ ಸುಣ್ಣಬಣ್ಣ ಮಾಡಿಸುವಾಗ ಎಸೆಯುವ ಮುಂಚೆ ಒಮ್ಮೆ ಮುಚ್ಚಳ ಎತ್ತಿ ನೋಡಿ.