ರಜೋನಿವೃತ್ತಿಯ ಶಿಕ್ಷಣವೂ ಔಷಧದೊಡನೆ ಬಂದ ತಿಳಿವಳಿಕೆ ಪತ್ರವೂ

ಸ್ತ್ರೀಯರ ಋತುಚಕ್ರವು ಶಾಶ್ವತವಾಗಿ ನಿಲ್ಲುವುದನ್ನು ಶಾಸ್ತ್ರಗ್ರಂಥಗಳು ರಜೋನಿವೃತ್ತಿಯೆನ್ನುತ್ತವೆ. ನಮ್ಮ ಮನೆಗಳಲ್ಲಿ ‘ಮುಟ್ಟು ನಿಲ್ಲುವುದು’ ಎಂಬ ಮಾತೇ ಸಾಕಾಗಿದೆ. ಆರ್ತವವು 12ನೆಯ ವಯಸ್ಸಿಗೆ ತೊಡಗಿ 50ರ ಸುಮಾರಿಗೆ ಕ್ಷಯಿಸುವುದೆಂದು ಸುಶ್ರುತಸಂಹಿತೆ ಹೇಳಿರುವುದರಿಂದ, ಈ ಸಂಗತಿ ಪ್ರಾಚೀನರಿಗೆ ಅಜ್ಞಾತವಾಗಿರಲಿಲ್ಲ. ಆದರೆ ಈ ವಿಷಯವನ್ನು ಸ್ತ್ರೀಗೆ ತಿಳಿಸತಕ್ಕವರು ಯಾರು, ಎಷ್ಟನ್ನು ತಿಳಿಸಬೇಕು ಎಂಬ ಪ್ರಶ್ನೆ ಇತ್ತೀಚಿನದು. ಅದು ನ್ಯಾಯಾಲಯದ ಮೆಟ್ಟಿಲೇರಿದ್ದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ.

ಪಾಶ್ಚಾತ್ಯರಲ್ಲಿ ಸ್ತ್ರೀಯರನ್ನೇ ಉದ್ದೇಶಿಸಿದ ಉಪದೇಶಗ್ರಂಥಗಳು ಮೊದಲೇ ಇದ್ದುವು. ಫ್ರೆಂಚ್ ವೈದ್ಯನಾದ ಗಾರ್ದಾನ್ 1816ರಲ್ಲಿ ‘ಸಂಕಟದ ವಯಸ್ಸನ್ನು ಪ್ರವೇಶಿಸುವ ಸ್ತ್ರೀಯರಿಗೆ ಸಲಹೆ’ ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. 1821ರ ಆವೃತ್ತಿಯಲ್ಲಿ ‘ಮೆನೊಪಾಸ್’ ಎಂಬ ಹೆಸರು ನೆಲೆಗೊಂಡಿತು. ಇವುಗಳಲ್ಲಿ ವೈದ್ಯನು ಹೇಳುವವನು, ಸ್ತ್ರೀಯು ಕೇಳುವವಳು.

ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಔಷಧವಾದ ಪ್ರೆಮರಿನ್‌ಗೆ 1942ರಲ್ಲಿ ಅಮೆರಿಕಾದಲ್ಲಿ ಮಾರಾಟದ ಅನುಮತಿ ದೊರೆಯಿತು. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರುವುದು, ರಾತ್ರಿ ಬೆವರಿ ನಿದ್ರೆಗೆಡುವುದು ಮುಂತಾದ ಬಾಧೆಗಳನ್ನು ಈಸ್ಟ್ರೋಜೆನ್ ನಿಜವಾಗಿಯೂ ಶಮನಗೊಳಿಸುತ್ತದೆ. ಆದರೆ 1966ರಲ್ಲಿ ‘ಫೆಮಿನಿನ್ ಫಾರೆವರ್’ ಎಂಬ ಗ್ರಂಥವನ್ನು ಬರೆದ ಡಾ. ರಾಬರ್ಟ್ ವಿಲ್ಸನ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ರಜೋನಿವೃತ್ತಿಯೇ ಒಂದು ಕೊರತೆಯ ರೋಗವೆಂದೂ, ಔಷಧದಿಂದ ತಾರುಣ್ಯವನ್ನು ಉಳಿಸಿಕೊಳ್ಳಬಹುದೆಂದೂ ಅವರು ಸಾರಿದರು. ಗ್ರಂಥವು ಬಹು ಜನಪ್ರಿಯವಾಯಿತು. ಅವರ ಪ್ರತಿಷ್ಠಾನಕ್ಕೆ ಔಷಧ ತಯಾರಕರಿಂದ ಹಣ ಬರುತ್ತಿದ್ದುದು ಅನಂತರ ಬೆಳಕಿಗೆ ಬಂದಿತು. ಹೆದರಿಸಿ ಮಾರುವ ಈ ಬರವಣಿಗೆಯನ್ನು ಆರೋಗ್ಯಶಿಕ್ಷಣವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆದರೂ ಅಸಂಖ್ಯ ಸ್ತ್ರೀಯರಿಗೆ ಆ ಕಾಲದಲ್ಲಿ ದೊರೆತ ಶಿಕ್ಷಣ ಅದೇ ಆಗಿದ್ದಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಧಾರೆ ಬಾಸ್ಟನ್ ನಗರದಲ್ಲಿ ಹುಟ್ಟಿತು. 1969ರ ಒಂದು ಸಮ್ಮೇಳನದಲ್ಲಿ ಕಲೆತ ಕೆಲವು ಸ್ತ್ರೀಯರು ತಮ್ಮ ದೇಹದ ವಿಷಯವನ್ನು ತಾವೇ ಅಭ್ಯಸಿಸಿ, ಮರುವರ್ಷ 75 ಸೆಂಟು ಬೆಲೆಯ ಪುಸ್ತಿಕೆಯೊಂದನ್ನು ಹೊರತಂದರು. ಅದೇ ಬೆಳೆದು 1973ರಲ್ಲಿ ‘ಅವರ್ ಬಾಡೀಸ್, ಅವರ್‌ಸೆಲ್ವ್ಸ್’ ಎಂಬ ಗ್ರಂಥವಾಗಿ ಲೋಕಪ್ರಸಿದ್ಧವಾಯಿತು. ಇಲ್ಲಿ ಹೇಳುವವರೂ ಕೇಳುವವರೂ ಸ್ತ್ರೀಯರೇ.

1975ರ ಡಿಸೆಂಬರಿನಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು, ಈಸ್ಟ್ರೋಜೆನ್ ಸೇವಿಸುತ್ತಿದ್ದವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರಿನ ಸಂಭವವು ಒಂದರಂತೆ 4.5 ಪಟ್ಟು, ಇನ್ನೊಂದರಂತೆ 7.6 ಪಟ್ಟು ಹೆಚ್ಚೆಂದು ತೋರಿಸಿದುವು. 1977ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು, ಈಸ್ಟ್ರೋಜೆನ್ ಕೊಳ್ಳುವ ಪ್ರತಿಯೊಬ್ಬಳಿಗೂ ಈ ಅಪಾಯವನ್ನು ಸರಳ ಭಾಷೆಯಲ್ಲಿ ವಿವರಿಸುವ ಪತ್ರವನ್ನು ಔಷಧದೊಡನೆ ಕೊಡತಕ್ಕದ್ದೆಂದು ವಿಧಿಸಿತು. ಔಷಧ ತಯಾರಕರ ಸಂಘವು ಇದರ ವಿರುದ್ಧ ದಾವೆ ಹೂಡಿತು. ಅದರೊಡನೆ ಪ್ರಸೂತಿ ಮತ್ತು ಸ್ತ್ರೀರೋಗತಜ್ಞರ ಸಂಘವೂ ಸೇರಿಕೊಂಡಿತೆಂಬುದು ಗಮನಾರ್ಹ. ಈ ಪತ್ರವು ವೈದ್ಯವೃತ್ತಿಯಲ್ಲಿ ಸರ್ಕಾರದ ಹಸ್ತಕ್ಷೇಪವೆಂಬುದು ಅವರ ಆಕ್ಷೇಪಗಳಲ್ಲೊಂದು. ಮಹಿಳಾ ಸಂಘಟನೆಗಳು ಸರ್ಕಾರದ ಪರವಾಗಿ ನಿಂತುವು. 1980ರಲ್ಲಿ ಡೆಲವೇರ್‌ನ ನ್ಯಾಯಾಲಯವು ನಿಯಮವನ್ನು ಎತ್ತಿಹಿಡಿಯಿತು. (ನಮ್ಮ ದೇಶದಲ್ಲಿ ಔಷಧದ ಡಬ್ಬಿಯೊಳಗಿನ ಹಾಳೆಯ ಮೇಲೆ ‘ನೋಂದಾಯಿತ ವೈದ್ಯರ ಉಪಯೋಗಕ್ಕೆ ಮಾತ್ರ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಕಾಣುವುದುಂಟು.)

ಪತ್ರದ ಒಕ್ಕಣೆ ಅನಂತರ ಬದಲಾಗುತ್ತ ಬಂದಿದೆ. ಗರ್ಭಕೋಶವಿರುವವರಿಗೆ ಈಸ್ಟ್ರೋಜೆನಿನ ಜೊತೆ ಪ್ರೊಜೆಸ್ಟೋಜೆನನ್ನೂ ಕೊಡುವುದು ರೂಢಿಯಾಯಿತು. ಈ ಜೋಡಿ ಚಿಕಿತ್ಸೆಯನ್ನು 16,608 ಸ್ತ್ರೀಯರಲ್ಲಿ ಪರೀಕ್ಷಿಸುತ್ತಿದ್ದ ಪ್ರಯೋಗವನ್ನು ಸ್ತನದ ಕ್ಯಾನ್ಸರ್ ಮೊದಲಾದ ಅಪಾಯಗಳ ಕಾರಣ 2002ರ ಜುಲೈಯಲ್ಲಿ ನಿಲ್ಲಿಸಲಾಯಿತು. ಭಯಗೊಂಡ ಅನೇಕರು ಔಷಧವನ್ನು ಬಿಟ್ಟರು. ಆ ಸ್ತ್ರೀಯರ ಸರಾಸರಿ ವಯಸ್ಸು 63 ಆಗಿದ್ದುದರಿಂದ, ಐವತ್ತರ ಆಸುಪಾಸಿನಲ್ಲಿ ಬಾಧೆಪಡುವವಳಿಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದೆಂಬ ವಿವೇಚನೆ ತಡವಾಗಿ ಮೂಡಿತು. 2025ರ ನವೆಂಬರಿನಲ್ಲಿ ಅದೇ ಆಡಳಿತವು ಈ ಔಷಧಗಳ ಮೇಲಿನ ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಪ್ರಕಟಿಸಿತು. ದೇಹಕ್ಕೆಲ್ಲ ವ್ಯಾಪಿಸುವಂತೆ ಈಸ್ಟ್ರೋಜೆನನ್ನು ಒಂದನ್ನೇ ಸೇವಿಸುವವರಿಗಾಗಿ ಗರ್ಭಕೋಶದ ಕ್ಯಾನ್ಸರಿನ ಬಗೆಗೆ ಬರೆದಿದ್ದ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು.